ಊದುಕೊಳವೆ ಮತ್ತು ಮಣಿಸರ

ಶಿಷ್ಯೆ: ಮಾಸ್ತರೇ, ಗಾಜಿನ ಕೆಲಸವನ್ನೇ ಕಲಿಯುವೆನೆಂದು ನಾನು ನಿಶ್ಚಯಿಸಿದಂದಿನಿಂದ ಮನೆಯವರೂ ನೆರೆಯವರೂ ಕೇಳುವ ಪ್ರಶ್ನೆ ಒಂದೇ. ಮರದ ಕೆತ್ತನೆಯೆಂದರೆ ಶಿರಸಿ, ಸಿದ್ದಾಪುರ, ಕುಮಟೆಗಳ ಕಡೆಗೆ ಗುಡಿಗಾರರ ಮನೆತನಗಳಿವೆ. ಮಣ್ಣಿನ ಕೆಲಸವೆಂದರೆ ಚೌತಿಯ ಗಣಪತಿಯನ್ನು ಮಾಡುವ ಕೈಗಳು ಊರೂರಿಗೂ ಇವೆ. ಆದರೆ ಬೈತಖೋಲದ ಬಂದರಿನಲ್ಲಿ ಹರಿದ ಬಲೆಗಳನ್ನು ಹೆಣೆಯುವವರ ನಡುವೆ ಬೆಳೆದ ಹುಡುಗಿಗೆ ಗಾಜಿನ ಹಂಬಲ ಎಲ್ಲಿಂದ ಹುಟ್ಟಿತು, ಈ ಕಾರವಾರ-ಅಂಕೋಲೆಗಳ ದಂಡೆಯಲ್ಲಿ ಗಾಜಿಗೆ ಹಿಂದೂ ಇಲ್ಲ ಮುಂದೂ ಇಲ್ಲವಲ್ಲ ಎಂದು ಅವರು ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ.

ಮಾಸ್ತರು: ಹಿಂದಿಲ್ಲವೆನ್ನುವುದು ನೋಡದವರ ಮಾತು, ತಂಗೀ. ಅಂಕೋಲೆಯ ಪೇಟೆಗೆ ಬರುವ ಹಾಲಕ್ಕಿ ಒಕ್ಕಲಿನ ಮುದುಕಿಯೊಬ್ಬಳ ಕೊರಳನ್ನು ನೀನು ಚಿತ್ರ ಬರೆಯುವವಳ ಕಣ್ಣಿನಿಂದ ನೋಡಿದ್ದೀಯಾ? ಸಣ್ಣ ಸಣ್ಣ ಮಣಿಗಳ ಎಳೆಗಳು ಒಂದರ ಮೇಲೊಂದು ಸೇರಿ, ಕೊರಳನ್ನು ತುಂಬಿ, ಎದೆಯ ಮೇಲಕ್ಕೆ ಇಳಿದು, ಆಭರಣವೆನ್ನುವ ಮಾತನ್ನು ಮೀರಿ ಉಡುಪಿನದೇ ಒಂದು ಭಾಗವಾಗಿಬಿಟ್ಟಿರುವ ಆ ರಾಶಿಯಲ್ಲಿ ಬಣ್ಣಗಳನ್ನು ಹೊಂದಿಸಿದವರು ಯಾವ ಶಾಲೆಯಲ್ಲಿಯೂ ವರ್ಣಶಾಸ್ತ್ರವನ್ನು ಓದಿದವರಲ್ಲ. 2021ರ ನವೆಂಬರಿನಲ್ಲಿ ನಮ್ಮ ಹೊನ್ನಳ್ಳಿಯ ತುಳಸಿ ಗೌಡರು ಬರಿಗಾಲಿನಲ್ಲಿ ರಾಷ್ಟ್ರಪತಿಭವನಕ್ಕೆ ಹೋಗಿ ಪದ್ಮಶ್ರೀಯನ್ನು ಸ್ವೀಕರಿಸಿದಾಗ ದೇಶವೆಲ್ಲ ಅವರ ಪಾದಗಳ ವಿಷಯವನ್ನು ಮಾತನಾಡಿತು. ನಾನು ಮಾತ್ರ ಅವರ ಕೊರಳಿನ ಮಣಿಗಳನ್ನು ನೋಡುತ್ತ ಕುಳಿತಿದ್ದೆ. ಅದಕ್ಕೂ ಮುಂಚೆ, 2017ರಲ್ಲಿ, ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ ಅದೇ ಗೌರವ ಸಂದಾಗಲೂ ಹಾಗೆಯೇ. 2024ರ ಡಿಸೆಂಬರಿನಲ್ಲಿ ತುಳಸಿ ಗೌಡರು, ಮರುವರ್ಷದ ಫೆಬ್ರುವರಿಯಲ್ಲಿ ಸುಕ್ರಿ ಬೊಮ್ಮಗೌಡರು ತೀರಿಕೊಂಡರು. ಸುಕ್ರಿಯವರ ಹಾಡನ್ನೂ ತುಳಸಿಯವರು ಬೆಳೆಸಿದ ಕಾಡನ್ನೂ ಕುರಿತು ಎಲ್ಲರೂ ಬರೆದರು, ಬರೆಯತಕ್ಕದ್ದೇ. ಆ ಮಣಿಸರಗಳನ್ನು ಕುರಿತು ಯಾರಾದರೂ ಬರೆದರೋ ಎಂದು ನಾನು ಈಗಲೂ ಹುಡುಕುತ್ತಿರುತ್ತೇನೆ.

ಶಿಷ್ಯೆ: ನನ್ನ ಹತ್ತಿರ ಅಂಥ ಒಂದು ಮಣಿ ಇದೆ. ಅಂಕೋಲೆಯಲ್ಲಿ ನನ್ನ ಗೆಳತಿಯ ಅಜ್ಜಿಯ ಸರ ಹರಿದಾಗ ಮಣಿಗಳನ್ನು ಆರಿಸಿಕೊಟ್ಟಿದ್ದಕ್ಕೆ ಅವರು ಒಂದನ್ನು ಅಂಗೈಯಲ್ಲಿಟ್ಟರು. ಇದು ಗಾಜೋ, ಈಗ ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ಕೋ ಎಂದು ಮೊದಲು ಸಂಶಯವಿತ್ತು. ಕೆನ್ನೆಗೆ ಒತ್ತಿಕೊಂಡರೆ ತಣ್ಣಗಿದೆ. ಆದುದರಿಂದ ಗಾಜೇ ಎಂದುಕೊಂಡೆ.

ಮಾಸ್ತರು: ಕೊಡು ಇತ್ತ. ಕಿಟಕಿಯ ಬೆಳಕಿಗೆ ಹಿಡಿದು ಈ ಭೂತಗನ್ನಡಿಯಲ್ಲಿ ನೋಡು. ಒಳಗೆ ಕೂದಲೆಳೆಯಂತಹ ಗೆರೆಗಳು ಕಾಣುತ್ತವಲ್ಲವೆ? ಒಂದೆರಡು ಗಾಳಿಗುಳ್ಳೆಗಳೂ ಇವೆ. ಅವು ಗುಂಡಗಿಲ್ಲ, ನೀಳವಾಗಿವೆ. ಈಗ ಹೇಳು, ಆ ಗೆರೆಗಳು ರಂಧ್ರದ ಜೊತೆಗೆ ಉದ್ದಕ್ಕೆ ಓಡುತ್ತವೆಯೋ, ರಂಧ್ರವನ್ನು ಸುತ್ತುತ್ತವೆಯೋ?

ಶಿಷ್ಯೆ: ಉದ್ದಕ್ಕೇ ಓಡುತ್ತವೆ.

ಮಾಸ್ತರು: ಹಾಗಿದ್ದರೆ ಇದು ಎಳೆದ ಮಣಿ. ಕಬ್ಬಿಣದ ಸರಳಿನ ಮೇಲೆ ಕರಗಿದ ಗಾಜನ್ನು ಸುತ್ತಿ ಮಾಡಿದ ಮಣಿಯಾಗಿದ್ದರೆ ಗೆರೆಗಳೂ ಗುಳ್ಳೆಗಳೂ ರಂಧ್ರವನ್ನು ಬಳಸಿಕೊಂಡು ಸುತ್ತುತ್ತಿದ್ದವು. ಎಳೆದ ಮಣಿಯ ಕ್ರಮ ಬೇರೆ: ಕುಲುಮೆಯಲ್ಲಿ ಗಾಜಿನ ಮುದ್ದೆಯನ್ನು ಕೊಳವೆಯ ತುದಿಗೆ ಏರಿಸಿ, ಅದರ ನಡುವೆ ಟೊಳ್ಳು ಉಳಿಯುವಂತೆ ಮಾಡಿ, ಒಂದು ಬದಿಯಿಂದ ಕೊಕ್ಕೆ ಹಾಕಿ ಎಳೆಯುತ್ತ ಹೋದರೆ ಮುದ್ದೆಯು ಸಪೂರವಾದ ಉದ್ದನೆಯ ನಳಿಗೆಯಾಗಿ ಹೊರಬರುತ್ತದೆ, ಆ ಎಳೆತದಲ್ಲಿ ಒಳಗಿನ ಗಾಳಿಗುಳ್ಳೆಗಳೂ ನೀಳವಾಗುತ್ತವೆ, ಆಮೇಲೆ ನಳಿಗೆಯನ್ನು ತುಂಡರಿಸಿ, ಬೂದಿಯೊಡನೆ ಮತ್ತೆ ಕಾಯಿಸಿ, ತುಂಡುಗಳ ಚೂಪು ಅಂಚುಗಳನ್ನು ಗುಂಡಗೆ ಮಾಡುತ್ತಾರೆ. ತಮಿಳು ಕರಾವಳಿಯ ಅರಿಕಮೇಡಿನಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ನಡೆಯುತ್ತಿದ್ದ ಈ ವಿದ್ಯೆಯನ್ನು ಆಂಧ್ರದ ಪಾಪನಾಯುಡುಪೇಟೆಯ ಕುಲುಮೆಗಳು ನಮ್ಮ ಕಾಲದವರೆಗೂ ತಂದಿವೆ. ದಕ್ಷಿಣ ಭಾರತದ ಇಂಥ ಮಣಿಗಳು ಹಡಗು ಹತ್ತಿ ಪೂರ್ವ ಆಫ್ರಿಕೆಯ ದಂಡೆಯಿಂದ ಕೊರಿಯಾ-ಜಪಾನುಗಳವರೆಗೆ ಹೋದುವು. ನಿನ್ನ ಕೈಯಲ್ಲಿರುವುದನ್ನು ಯಾವ ಕುಲುಮೆಯಲ್ಲಿ ಎಳೆದರೆಂದು ಹೇಳಬಲ್ಲವರು ಯಾರೂ ಇಲ್ಲ; ಎಳೆದ ಕೈಯ ದಿಕ್ಕು ಮಾತ್ರ ಗಾಜಿನೊಳಗೆ ಉಳಿದಿದೆ.

ಕನ್ನಡ ನಾಡಿನಲ್ಲಿಯೂ ಗಾಜಿನ ಕೆಲಸ ಇಲ್ಲದಿರಲಿಲ್ಲ. ಮಸ್ಕಿಯ, ಬ್ರಹ್ಮಗಿರಿಯ ಪ್ರಾಚೀನ ನೆಲೆಗಳಲ್ಲಿ ಗಾಜಿನ ಮಣಿ-ಬಳೆಗಳು ದೊರೆತಿವೆ. 1801ರಲ್ಲಿ ನಮ್ಮ ಅಂಕೋಲೆಯನ್ನು ಹಾಯ್ದು ಸದಾಶಿವಗಡದ ಕಡೆಗೆ ಹೋದ ಫ್ರಾನ್ಸಿಸ್ ಬುಕಾನನ್ ಅದೇ ಪ್ರವಾಸದಲ್ಲಿ ಚಿತ್ರದುರ್ಗ ಸೀಮೆಯ ಮತ್ತೋಡಿನಲ್ಲಿ ಬಳೆಗಳಿಗಾಗಿ ಗಾಜು ಕರಗಿಸುವ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ.

ಶಿಷ್ಯೆ: ಇದೆಲ್ಲ ನನಗೆ ಬಲವನ್ನು ಕೊಡುತ್ತದೆ, ಮಾಸ್ತರೇ, ಆದರೂ ಒಂದು ಕೊರತೆ ಉಳಿಯುತ್ತದೆ. ಮಣಿ ಎಳೆದವನಿಗೂ ಬಳೆ ಮಾಡಿದವನಿಗೂ ಹೆಸರಿಲ್ಲ. ನಾನು ಕಲಿಯಹೊರಟಿರುವುದು, ಗಾಜಿನಲ್ಲಿ ತನ್ನದೇ ಮಾತನ್ನು ಹೇಳುವ ಇಂದಿನ ಕಲಾವಿದನ ಮಾರ್ಗವನ್ನು. ಡೇಲ್ ಚಿಹೂಲಿಯ ಕೆಲಸದ ಚಿತ್ರಗಳನ್ನು ನಾನು ಮೊದಲು ನೋಡಿದಾಗ, ಗಾಜು ಹೀಗೂ ಅರಳಬಲ್ಲುದೇ, ಹೀಗೂ ಬಳುಕಬಲ್ಲುದೇ ಎಂದು ಬೆರಗಾದೆ. ಆತನು ಅಮೆರಿಕೆಯವನು, ಸಿರಿವಂತರ ಆಶ್ರಯದಲ್ಲಿ ಬೆಳೆದವನು. ನಮಗೂ ಅವನಿಗೂ ಏನು ಸಂಬಂಧವೆಂದು ನೀವು ಕೇಳಬಹುದು.

ಮಾಸ್ತರು: ನಾನು ಹಾಗೆ ಕೇಳುವವನಲ್ಲ, ಅವನ ಬಾಳನ್ನು ಓದಿದಷ್ಟೂ ಅವನು ಕಡಲ ದಂಡೆಯವನೆಂಬುದೇ ನನಗೆ ಎದ್ದು ಕಂಡಿದೆ. ಅವನು ಹುಟ್ಟಿದ್ದು 1941ರಲ್ಲಿ, ಅಮೆರಿಕೆಯ ಪಶ್ಚಿಮ ತೀರದ ವಾಷಿಂಗ್ಟನ್ ಸಂಸ್ಥಾನದ ಟಕೋಮಾ ಎಂಬ ಬಂದರಿನ ಊರಿನಲ್ಲಿ. ತಂದೆ ಮಾಂಸ ಕಡಿಯುವ ವೃತ್ತಿಯವನು, ಕಾರ್ಮಿಕ ಸಂಘದ ಕೆಲಸಗಾರ. ಅಣ್ಣನು ನೌಕಾಪಡೆಯ ವಿಮಾನ ತರಬೇತಿಯಲ್ಲಿ 1957ರಲ್ಲಿ ಸತ್ತನು. ಮರುವರ್ಷವೇ ತಂದೆ ಹೃದಯಾಘಾತದಿಂದ ಹೋದನು. ಉಳಿದವಳು ತಾಯಿ, ಅವಳ ಹೂದೋಟ, ಮತ್ತು ಓದಿನಲ್ಲಿ ಮನಸ್ಸು ನಿಲ್ಲದ ಈ ಹುಡುಗ. ಮುಂದೆ ಅವನ ಗಾಜಿನಲ್ಲಿ ಎಲ್ಲಿ ನೋಡಿದರೂ ಹೂವು ಮತ್ತು ಸಮುದ್ರ, ಇವೆರಡೇ ಬೇರೆ ಬೇರೆ ವೇಷದಲ್ಲಿ ಬರುವುದನ್ನು ಕಂಡಾಗ ಆ ತೋಟವೂ ಆ ದಂಡೆಯೂ ನನ್ನ ನೆನಪಿಗೆ ಬರುತ್ತವೆ.

ವಿಶ್ವವಿದ್ಯಾಲಯದಲ್ಲಿ ಅವನು ಓದಿದ್ದು ಮನೆಯ ಒಳಾಂಗಣದ ಅಲಂಕರಣವನ್ನು. ನೇಯ್ಗೆಯ ತರಗತಿಯಲ್ಲಿ ನೂಲಿನ ನಡುವೆ ಗಾಜಿನ ತುಂಡುಗಳನ್ನು ಸೇರಿಸಿ ನೇಯ್ದು ನೋಡಿದನು. ಗಾಜಿನೊಡನೆ ಅವನ ನಂಟು ಮಗ್ಗದ ಮೇಲೆ ಮೊದಲಾಯಿತೆಂಬುದನ್ನು ಬಲೆ ಹೆಣೆಯುವವರ ಮನೆಯವಳಾದ ನೀನು ಗಮನಿಸಬೇಕು. 1965ರಲ್ಲಿ ಒಂದು ರಾತ್ರಿ ತನ್ನ ನೆಲಮಾಳಿಗೆಯಲ್ಲಿ ಬಣ್ಣದ ಗಾಜಿನ ಚೂರುಗಳನ್ನು ಕರಗಿಸಿ, ಒಂದು ಸಾಧಾರಣ ಕಬ್ಬಿಣದ ಕೊಳವೆಯ ತುದಿಗೆ ಹಚ್ಚಿಕೊಂಡು ಊದಿದನು, ಗುಳ್ಳೆಯೊಂದು ಎದ್ದಿತು. ಗುರುವಿಲ್ಲ, ಗ್ರಂಥವಿಲ್ಲ. ಆ ಗುಳ್ಳೆಯ ನಂತರ ಬೇರೆ ಯಾವ ವೃತ್ತಿಯೂ ಅವನಿಗೆ ರುಚಿಸಲಿಲ್ಲ. ಮುಂದಿನ ಓದಿಗೆ ದುಡ್ಡು ಬೇಕಾದಾಗ ಅಲಾಸ್ಕಾದ ಕಡಲಿಗೆ ಹೋಗಿ ಮೀನುಗಾರನಾಗಿ ದುಡಿದನು.

ಶಿಷ್ಯೆ: ಮೀನುಗಾರನಾಗಿ! ಈ ಮಾತು ನನಗೆ ಗೊತ್ತಿರಲಿಲ್ಲ. ನಮ್ಮ ತಂದೆಗೆ ಇದೊಂದನ್ನು ಹೇಳಿದರೆ ಸಾಕು, ಗಾಜಿನ ಮೇಲಿನ ಅರ್ಧ ಅನುಮಾನ ಕಳೆದೀತು.

ಮಾಸ್ತರು: ಹೇಳು, ಧಾರಾಳವಾಗಿ ಹೇಳು. ಆ ದುಡಿಮೆಯ ಹಣದಿಂದ ಅವನು 1966ರಲ್ಲಿ ವಿಸ್ಕಾನ್ಸಿನ್ನಿನ ಮ್ಯಾಡಿಸನ್ನಿಗೆ ಹೋದನು. ಅಲ್ಲಿದ್ದವನು ಹಾರ್ವೀ ಲಿಟಲ್ಟನ್. ಅಲ್ಲಿಯವರೆಗೆ ಪಶ್ಚಿಮ ದೇಶಗಳಲ್ಲಿ ಗಾಜು ಕಾರ್ಖಾನೆಯ ಸೊತ್ತಾಗಿತ್ತು. ಚಿತ್ರ ಬರೆದುಕೊಡುವವನು ಒಬ್ಬ, ಬೆಂಕಿಯ ಮುಂದೆ ನಿಲ್ಲುವವನು ಇನ್ನೊಬ್ಬ. ಕಲಾವಿದನು ತನ್ನ ಕೋಣೆಯಲ್ಲಿಯೇ ಚಿಕ್ಕ ಕುಲುಮೆಯನ್ನು ಹೂಡಿ ತಾನೇ ಗಾಜನ್ನು ಕರಗಿಸಿ ರೂಪಿಸಬಹುದೆಂಬುದನ್ನು ಲಿಟಲ್ಟನ್ನನು ಡೊಮಿನಿಕ್ ಲಬೀನೋ ಎಂಬ ಗಾಜಿನ ತಜ್ಞನ ನೆರವಿನಿಂದ 1962ರಲ್ಲಿ ಟಲೀಡೋ ನಗರದ ವಸ್ತುಸಂಗ್ರಹಾಲಯದಲ್ಲಿ ನಡೆಸಿದ ಶಿಬಿರಗಳಲ್ಲಿ ತೋರಿಸಿಕೊಟ್ಟಿದ್ದನು. ಇಂದು ಗಾಜಿನ ಕಲಾವಿದರೆಂದು ನಾವು ಕರೆಯುವವರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಆ ಶಿಬಿರದ ಸಂತಾನ.

ಆದರೆ ಚಿಹೂಲಿಗೆ ದಾರಿ ತೆರೆದದ್ದು ಮತ್ತೊಂದು ದಂಡೆ. 1968ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ದೊರೆತು ಅವನು ವೆನಿಸಿನ ಪಕ್ಕದ ಮುರಾನೋ ದ್ವೀಪಕ್ಕೆ, ವೆನೀನಿಯವರ ಕಾರ್ಖಾನೆಗೆ ಹೋದನು. 1291ರಲ್ಲಿ ವೆನಿಸಿನ ಆಳರಸರು ಬೆಂಕಿಯ ಭಯದಿಂದ ಗಾಜಿನವರನ್ನೆಲ್ಲ ಆ ದ್ವೀಪಕ್ಕೆ ಕಳುಹಿಸಿದ್ದರು. ಏಳು ಶತಮಾನಗಳ ಗುಟ್ಟು ಅಲ್ಲಿತ್ತು. ಅಲ್ಲಿ ಅವನು ಕಂಡದ್ದು ಒಂದು ತಂಡವನ್ನು. ಸಾವಿರ ಡಿಗ್ರಿಗೂ ಮಿಕ್ಕಿದ ಶಾಖದ ಮೂಸೆಯಿಂದ ಒಬ್ಬನು ಕೊಳವೆಯ ತುದಿಗೆ ಗಾಜನ್ನು ಸುತ್ತಿ ತೆಗೆಯುತ್ತಾನೆ. ತೆಗೆದ ಕ್ಷಣದಿಂದ ಅದನ್ನು ತಿರುಗಿಸುತ್ತಲೇ ಇರಬೇಕು, ತಿರುಗಿಸುವುದು ನಿಂತರೆ ಗಾಜು ನೆಲದ ಕಡೆಗೆ ಜೋಲುತ್ತದೆ. ಬೆಂಚಿನ ಮೇಲೆ ಕುಳಿತ ಮುಖ್ಯನು ನೆನೆಸಿದ ಕಾಗದದ ಮಡಿಕೆಯನ್ನು ಅಂಗೈಯಲ್ಲಿಟ್ಟುಕೊಂಡು ಉರಿಯುವ ಗಾಜನ್ನು ಆ ಕಾಗದದಿಂದಲೇ ಸವರಿ ಗುಂಡಗೆ ಮಾಡುತ್ತಿರುವಾಗ, ಕೊಳವೆಯ ಆ ಕೊನೆಯಲ್ಲಿ ಮಂಡಿಯೂರಿದ ಹುಡುಗನು ಅವನ ಕಣ್ಸನ್ನೆಯನ್ನು ನೋಡಿ ಉಸಿರನ್ನು ಬಿಡುತ್ತಾನೆ. ಗಾಜು ಬಿರುಸಾದೊಡನೆ ಮತ್ತೊಬ್ಬನು ಅದನ್ನು ಎರಡನೆಯ ಒಲೆಯ ಬಾಯಿಗೆ ಹಿಡಿದು ಮೆದುಗೊಳಿಸುತ್ತಾನೆ. ಕಡೆಗೆ, ಸಿದ್ಧವಾದ ಪಾತ್ರೆಯನ್ನು ಕೊಳವೆಯಿಂದ ಬಿಡಿಸಿ ಐನೂರು ಡಿಗ್ರಿಯ ಆಸುಪಾಸಿನ ಪೆಟ್ಟಿಗೆಯಲ್ಲಿಟ್ಟು ಮೆಲ್ಲಮೆಲ್ಲನೆ ಆರಿಸುತ್ತಾರೆ. ಹೊರಮೈ ಮುಂಚೆ ತಣಿದು ಒಳಮೈ ಹಿಂದೆ ಉಳಿದರೆ ಇಡೀ ದಿನದ ಕೆಲಸ ಒಂದು ಸದ್ದಿನೊಡನೆ ಒಡೆದು ಹೋಗುತ್ತದೆ. ಇಷ್ಟು ಕೈಗಳು ಕೂಡಿದಲ್ಲದೆ ದೊಡ್ಡ ಗಾಜು ಹುಟ್ಟದೆಂಬುದನ್ನು ಅವನು ಅಲ್ಲಿ ಕಲಿತು, 1971ರಲ್ಲಿ ತನ್ನ ತೀರಕ್ಕೆ ಮರಳಿ, ಮರ ಬೆಳೆಸುವ ಎಸ್ಟೇಟೊಂದರಲ್ಲಿ ಪಿಲ್‌ಚಕ್ ಎಂಬ ಗಾಜಿನ ಶಾಲೆಯನ್ನು ಆರಂಭಿಸಿದನು. ಜಾನ್ ಹಾಬರ್ಗ್, ಆನ್ ಗೌಲ್ಡ್ ಹಾಬರ್ಗ್ ಎಂಬ ದಂಪತಿಗಳು ಜಾಗವನ್ನೂ ನೆರವನ್ನೂ ಕೊಟ್ಟರು.

ಶಿಷ್ಯೆ: ಅವನ ಒಂದು ಕಣ್ಣಿಗೆ ಕಪ್ಪುಪಟ್ಟಿ ಇರುವುದನ್ನು ಚಿತ್ರಗಳಲ್ಲಿ ನೋಡಿದ್ದೇನೆ.

ಮಾಸ್ತರು: 1976ರಲ್ಲಿ ಇಂಗ್ಲೆಂಡಿನಲ್ಲಿ ಕಾರಿನ ಅಪಘಾತವಾಗಿ ಅವನ ತಲೆ ಮುಂದಿನ ಗಾಜನ್ನು ಒಡೆದುಕೊಂಡು ಹೋಯಿತು, ಎಡಗಣ್ಣಿನ ದೃಷ್ಟಿ ಶಾಶ್ವತವಾಗಿ ಹೋಯಿತು. ಗಾಜನ್ನೇ ನಂಬಿದವನ ಕಣ್ಣನ್ನು ಗಾಜೇ ತೆಗೆಯಿತು. ಅದಾದಮೇಲೂ ಅವನು ಗಾಜಿನ ಮುಂದೆ ಹೋಗಿ ನಿಂತನು. ಒಂದೇ ಕಣ್ಣಿನವನಿಗೆ ದೂರ-ಹತ್ತಿರಗಳ ಅಂದಾಜು ಸಿಕ್ಕುವುದು ಕಷ್ಟ. ಕಾಯ್ದ ಗಾಜಿನ ಬಳಿ ಆ ಅಂದಾಜು ತಪ್ಪಿದರೆ ತನಗೂ ಜೊತೆಯವರಿಗೂ ಅಪಾಯ. ಆದರೂ ಮರುವರ್ಷವೇ ಅವನ ಅತ್ಯುತ್ತಮ ಕೆಲಸ ಬಂದಿತೆಂದು ನನ್ನ ಎಣಿಕೆ. ಟಕೋಮಾದ ಇತಿಹಾಸ ಸಂಗ್ರಹಾಲಯದಲ್ಲಿ ಆ ತೀರದ ಮೂಲನಿವಾಸಿಗಳು ಹೆಣೆದ ಹಳೆಯ ಬುಟ್ಟಿಗಳನ್ನು ಅವನು ನೋಡಿದನು. ಒಂದರೊಳಗೊಂದು, ಒಂದರ ಮೇಲೊಂದು ಇಟ್ಟು, ತಮ್ಮ ಭಾರಕ್ಕೆ ತಾವೇ ಕುಸಿದು, ಅಂಚು ಜೋತು, ಒಂದು ಬದಿಗೆ ಒರಗಿದ್ದ ಬುಟ್ಟಿಗಳು. ಅಲ್ಲಿಯವರೆಗೆ ಗಾಜಿನವರೆಲ್ಲ ಸೊಟ್ಟಗಾಗದಂತೆ ಕಾಯುತ್ತಿದ್ದ ಪಾತ್ರೆಯನ್ನು ಅವನು ಸೊಟ್ಟಗಾಗಲು ಬಿಟ್ಟನು. ತೆಳ್ಳಗೆ ಊದಿ, ಮತ್ತೆ ಕಾಯಿಸಿ, ಶಾಖಕ್ಕೂ ಭೂಮಿಯ ಸೆಳೆತಕ್ಕೂ ಒಪ್ಪಿಸಿ, ಯಾವ ಕ್ಷಣಕ್ಕೆ ತಡೆಯಬೇಕೆಂಬುದನ್ನಷ್ಟೇ ತನ್ನದಾಗಿ ಇಟ್ಟುಕೊಂಡನು. ಅದಕ್ಕೂ ಮುಂಚೆ ನವಾಹೋ ಜನರ ಕಂಬಳಿಗಳ ವಿನ್ಯಾಸವನ್ನು ಗಾಜಿನ ಎಳೆಗಳಿಂದ ಬಿಡಿಸಿ ಕಾಯ್ದ ಉರುಳೆಗಳ ಮೈಗೆ ಅಂಟಿಸಿದ್ದನು. ಆದರೆ ಅಲ್ಲಿ ಗಾಜು ಇನ್ನೂ ಕಂಬಳಿಯ ಚಿತ್ರವನ್ನು ಹೊತ್ತಿತ್ತು. ಬುಟ್ಟಿಗಳಲ್ಲಿ ಗಾಜೇ ಬುಟ್ಟಿಯ ಸ್ವಭಾವವನ್ನು ಪಡೆಯಿತು.

1979ರಲ್ಲಿ ಕಡಲ ಅಲೆಗಳಲ್ಲಿ ಆಡುವಾಗ ಅವನ ಹೆಗಲು ಕಳಚಿತು. ಅಲ್ಲಿಂದ ಮುಂದೆ ಅವನು ಕೊಳವೆಯನ್ನು ಹಿಡಿಯಲಿಲ್ಲ. ಬೆಂಚಿನ ಮೇಲೆ ವಿಲಿಯಂ ಮಾರಿಸ್ ಮೊದಲಾದವರು ಕುಳಿತರು.

ಶಿಷ್ಯೆ: ಇಲ್ಲಿಯೇ ನನಗೆ ಮನಸ್ಸು ಒಪ್ಪುವುದಿಲ್ಲ, ಮಾಸ್ತರೇ. ನಾಲ್ಕು ದಶಕಗಳಿಗೂ ಮೀರಿ ಅವನ ಹೆಸರಿನಿಂದ ಹೊರಬಂದ ಗಾಜನ್ನು ಬೇರೆಯವರ ಉಸಿರು ಊದಿದೆ, ಬೇರೆಯವರ ಕೈ ತಿರುಗಿಸಿದೆ. ಲಾಸ್ ವೇಗಾಸಿನ ಹೋಟೆಲೊಂದರ ಮಾಡಿನಲ್ಲಿ 1998ರಲ್ಲಿ ತೂಗಿಸಿದ ಎರಡು ಸಾವಿರ ಗಾಜಿನ ಹೂವುಗಳಲ್ಲಿ ಒಂದನ್ನಾದರೂ ಅವನು ಊದಿಲ್ಲವಷ್ಟೆ. ಕಾರ್ಖಾನೆಯಲ್ಲಿ ಚಿತ್ರ ಬರೆಯುವವನು ಒಬ್ಬ, ಬೆಂಕಿಗೆ ನಿಲ್ಲುವವನು ಇನ್ನೊಬ್ಬ ಎಂಬ ಭೇದವನ್ನು ಅಳಿಸುವುದಕ್ಕೆ ಹುಟ್ಟಿದ ಚಳವಳಿಯ ದೊಡ್ಡ ಹೆಸರು ಕಡೆಗೆ ಅದೇ ಭೇದಕ್ಕೆ ಮರಳಿತಲ್ಲ!

ಮಾಸ್ತರು: ನಿನ್ನ ಆಕ್ಷೇಪ ಸುಳ್ಳಲ್ಲ, ಲಿಟಲ್ಟನ್ನನ ಆಶಯದಿಂದ ಅವನು ದೂರ ಬಂದದ್ದು ನಿಜ. ಆದರೂ ನಮ್ಮ ಬಯಲಾಟವನ್ನು ನೆನೆದುಕೊ. ರಾತ್ರಿಯಿಡೀ ಕುಣಿಯುವವರು ವೇಷದವರು. ಬೆವರು ಅವರದು, ಅರ್ಥ ಅವರದು, ಗೆಜ್ಜೆ ಅವರದು. ಭಾಗವತನು ತಾಳ ಹಿಡಿದು ಕುಳಿತಲ್ಲಿಂದ ಏಳುವುದಿಲ್ಲ. ಆದರೆ ಪದವನ್ನು ಯಾವಾಗ ಎತ್ತಬೇಕು, ಯಾವ ವೇಷವನ್ನು ಎಷ್ಟು ಹೊತ್ತು ನಿಲ್ಲಿಸಬೇಕು, ಎಲ್ಲಿ ಲಯವನ್ನು ಏರಿಸಿ ಎಲ್ಲಿ ಇಳಿಸಬೇಕು ಎಂಬುದೆಲ್ಲ ಅವನ ಕೈಯಲ್ಲಿರುವುದರಿಂದ ಆಟವನ್ನು ಆಡಿಸುವವನು ಭಾಗವತನೇ ಎಂದು ನಮ್ಮ ಸೀಮೆಯ ಪ್ರೇಕ್ಷಕನು ಬಲ್ಲನು. ಭಾಗವತ ಬದಲಾದರೆ ಅದೇ ಪ್ರಸಂಗ, ಅದೇ ವೇಷ ಇದ್ದರೂ ಆಟ ಬೇರೆಯಾಗುತ್ತದೆ. ಚಿಹೂಲಿಯು ಹೆಗಲು ಕಳಚಿಕೊಂಡ ಮೇಲೆ ದೊಡ್ಡ ಹಾಳೆಗಳ ಮೇಲೆ ಬಣ್ಣ ಚೆಲ್ಲಿ, ಬಳಿದು, ರೇಖೆಗಳನ್ನೆಳೆದು ತನ್ನ ತಂಡಕ್ಕೆ ತೋರಿಸತೊಡಗಿದನು. ಆ ಚಿತ್ರಗಳು ಅಳತೆಯ ನಕ್ಷೆಗಳಾಗಿರಲಿಲ್ಲ, ಆವೇಗವನ್ನು ತಿಳಿಸುವ ಸನ್ನೆಗಳಾಗಿದ್ದುವು. ಬೆಂಚಿನಿಂದ ಎದ್ದುದರಿಂದಲೇ ಎಲ್ಲ ಬದಿಗಳಿಂದಲೂ ಗಾಜನ್ನು ನೋಡುವ ಸ್ವಾತಂತ್ರ್ಯ ತನಗೆ ದೊರೆಯಿತೆಂದು ಅವನ ಭಾವನೆ.

ಶಿಷ್ಯೆ: ಭಾಗವತನ ಕಂಠವಾದರೂ ಆಟದಲ್ಲಿ ದುಡಿಯುತ್ತದೆ. ಅಲ್ಲದೆ, ಯಾವ ವೇಷ ಯಾರದೆಂಬುದನ್ನು ಕರಪತ್ರದಲ್ಲಿ ಹೆಸರು ಹಾಕಿ ತಿಳಿಸುತ್ತಾರೆ. ಗೋಕರ್ಣದಿಂದ ಮುರ್ಡೇಶ್ವರದವರೆಗೆ ಜನ ವೇಷದವರ ಹೆಸರನ್ನು ಹೇಳಿಕೊಂಡೇ ಆಟಕ್ಕೆ ಹೋಗುತ್ತಾರೆ. ಗಾಜಿನ ಕೆಳಗಿನ ಫಲಕದಲ್ಲಿ ಒಂದೇ ಹೆಸರಿರುತ್ತದೆ.

ಮಾಸ್ತರು: ಅದು ನ್ಯಾಯವಾದ ಮಾತು, ನಾಳೆ ನಿನ್ನದೇ ತಂಡವಿದ್ದಾಗ ಕೊಳವೆ ಊದಿದ ಹುಡುಗನ ಹೆಸರನ್ನೂ ಫಲಕದಲ್ಲಿ ಹಾಕು. ಮಾರಿಸನೂ, ಮುರಾನೋದಿಂದ ಬಂದು ವೆನಿಸ್ ಮಾದರಿಯ ಪಾತ್ರೆಗಳನ್ನು ಊದಿಕೊಟ್ಟ ಲೀನೋ ತಾಲ್ಯಾಪಿಯೇತ್ರನೂ ತಮ್ಮ ಸ್ವಂತ ಹೆಸರಿನಿಂದಲೇ ದೊಡ್ಡ ಕಲಾವಿದರಾದರು. ಹೆಸರು ಉಳಿಯದ ಸಹಾಯಕರು ಅವರಿಗಿಂತ ಎಷ್ಟೋ ಪಾಲು ಹೆಚ್ಚು ಮಂದಿ.

ಈಗ ಸಮುದ್ರದ ವಿಷಯಕ್ಕೆ ಬರೋಣ, ನಮಗಿಬ್ಬರಿಗೂ ಬೇಕಾದದ್ದು ಅದೇ. 1980ರಲ್ಲಿ ಅವನ ತಂಡವು ಒಳಗೆ ಗೀರುಗಳಿರುವ ಅಚ್ಚಿನೊಳಕ್ಕೆ ಗಾಜನ್ನು ಊದತೊಡಗಿತು. ಗೀರು ಬಿದ್ದ ಗಾಜು ತೆಳ್ಳಗಿದ್ದರೂ ಗಟ್ಟಿಯಾಗುತ್ತದೆ. ಅದನ್ನು ಬಿಸಿಯಲ್ಲಿ ತಿರುಗಿಸಿ ಅಗಲಿಸಿದಾಗ ಅಂಚುಗಳು ಅಲೆಅಲೆಯಾಗಿ ಮಡಚಿ, ಚಿಪ್ಪಿಗೂ ಅಂಬಲಿ ಮೀನಿಗೂ ನಡುವಿನ ಯಾವುದೋ ಜೀವಿಯ ರೂಪ ಬಂದಿತು. ಆ ಸರಣಿಗೆ ಸಮುದ್ರರೂಪಗಳೆಂದೇ ಹೆಸರಾಯಿತು. 1991ರಲ್ಲಿ ಇನ್ನೊಂದು ಬಂತು. ಜಪಾನಿನ ಬೆಸ್ತರು ಬಲೆಗಳಿಗೆ ಗಾಜಿನ ಟೊಳ್ಳು ಗುಂಡುಗಳನ್ನು ಬೆಂಡಾಗಿ ಕಟ್ಟುತ್ತಿದ್ದರು. ಮೊದಲು ಅದನ್ನು ಬಳಕೆಗೆ ತಂದವರು 1840ರ ದಶಕದ ನಾರ್ವೆಯವರು. ಬಲೆ ಹರಿದು ಕಳಚಿಕೊಂಡ ಗುಂಡುಗಳು ಶಾಂತಸಾಗರವನ್ನು ದಾಟಿ ಅಮೆರಿಕೆಯ ಪಶ್ಚಿಮ ತೀರದ ಮರಳಿಗೆ ಬಂದು ಬೀಳುತ್ತಿದ್ದುವು, ಮಕ್ಕಳು ಆರಿಸಿಕೊಳ್ಳುತ್ತಿದ್ದರು. ಚಿಹೂಲಿಯೂ ಅಂಥ ಒಬ್ಬ ಹುಡುಗ. ಐವತ್ತು ವರ್ಷದವನಾದಾಗ ಅವನು ಜಪಾನಿನ ನೀಜಿಮಾ ದ್ವೀಪದ ಹೆಸರಿನಲ್ಲಿ ಒಂದು ಮೀಟರಿನಷ್ಟು ಅಡ್ಡಳತೆಯ ಗುಂಡುಗಳನ್ನು ಊದಿಸಿದನು. ಗುಂಡಗಿನ ರೂಪ ನೋಡಲು ಸುಲಭ. ಆದರೆ ಆ ಗಾತ್ರದಲ್ಲಿ ಅದನ್ನು ಸಾಧಿಸುವುದು ಅವನ ತಂಡಕ್ಕೆ ಎಲ್ಲಕ್ಕಿಂತ ಕಠಿಣವಾದ ಕೆಲಸಗಳಲ್ಲಿ ಒಂದಾಗಿತ್ತು.

1995ರಲ್ಲಿ ಫಿನ್ಲೆಂಡಿನ ನೂತಯಾರ್ವಿ ಎಂಬಲ್ಲಿ, ಗಾಜಿನ ಕಾರ್ಖಾನೆಯ ಪಕ್ಕದ ಹೊಳೆಗೆ ಅವನು ತಾನು ಮಾಡಿಸಿದ ಗಾಜಿನ ರೂಪಗಳನ್ನು ಎಸೆದನು. ಅವು ತೇಲಿದುವು. ಊರಿನ ಹುಡುಗರು ಮರದ ದೋಣಿಗಳಲ್ಲಿ ಹೋಗಿ ಅವುಗಳನ್ನು ಎತ್ತಿ ದೋಣಿಯಲ್ಲಿ ತುಂಬಿಕೊಂಡರು. ಹಾಗೆ ತುಂಬಿದ ದೋಣಿಯನ್ನು ಕಂಡ ಮೇಲೆ, ಗಾಜು ತುಂಬಿದ ದೋಣಿಯೇ ಅವನ ಕೃತಿಗಳಲ್ಲಿ ಒಂದು ಸರಣಿಯಾಯಿತು. ಕಾಳೀ ನದಿಯ ಅಳಿವೆಯನ್ನೂ ಗಂಗಾವಳಿಯ ದೋಣಿಗಳನ್ನೂ ದಿನವೂ ನೋಡುವ ನಮಗೆ ಈ ಘಟನೆಯಲ್ಲಿ ವಿಚಿತ್ರವೆನಿಸುವುದು ಏನೂ ಇಲ್ಲ. ನನ್ನ ಮಾತು ಇಷ್ಟೇ: ಅವನ ಪ್ರೇರಣೆಗಳಲ್ಲಿ ದೂರದಿಂದ ತಂದದ್ದು ಅತಿ ಕಡಮೆ. ತಾಯಿಯ ತೋಟ, ಟಕೋಮಾದ ದಂಡೆ, ಆ ದಂಡೆಯವರ ಬುಟ್ಟಿ, ಬಲೆಯ ಬೆಂಡು. ತಂತ್ರವನ್ನು ಮುರಾನೋದಿಂದ ತಂದನು. ಹೇಳಬೇಕಾದದ್ದು ಮಾತ್ರ ಅವನ ಊರಿನಲ್ಲಿಯೇ ಬಿದ್ದಿತ್ತು.

ಶಿಷ್ಯೆ: ನಮ್ಮ ಅಜ್ಜ ರಂಪಣಿ ಬಲೆ ಎಳೆದವರು. ಅದರ ಬೆಂಡು ಮರದ್ದು. ಉಪ್ಪುನೀರು ಕುಡಿದು ಕುಡಿದು ಬೂದಿಬಣ್ಣಕ್ಕೆ ತಿರುಗಿದ, ಹಗ್ಗ ಉಜ್ಜಿ ನಡು ಸವೆದ ಕೆಲವು ಬೆಂಡುಗಳು ಇನ್ನೂ ನಮ್ಮ ಅಟ್ಟದ ಮೇಲಿವೆ. ಈಗ ಎಲ್ಲವೂ ಪ್ಲಾಸ್ಟಿಕ್ಕು. ಆ ಸವೆದ ನಡುವನ್ನು ಗಾಜಿನಲ್ಲಿ ತರಬೇಕೆಂಬ ಆಸೆ ನನಗೆ ಬಹುಕಾಲದಿಂದ ಇದೆ, ಯಾರಿಗೂ ಹೇಳಿರಲಿಲ್ಲ. ಆದರೆ ಮಣಿಸರದ ವಿಷಯದಲ್ಲಿ ನಾನು ಹಿಂಜರಿಯುತ್ತೇನೆ. ಬುಟ್ಟಿಗಳನ್ನು ಹೆಣೆದವರು ಒಂದು ಜನ. ಅವುಗಳ ಕುಸಿತದಲ್ಲಿ ಸೌಂದರ್ಯವನ್ನು ಕಂಡು ಗಾಜಿಗೆ ಇಳಿಸಿ ಕೀರ್ತಿ ಪಡೆದವನು ಇನ್ನೊಂದು ಜನದವನು. ನಾನು ಹಾಲಕ್ಕಿ ಮಣಿಗಳನ್ನು ದೊಡ್ಡದಾಗಿ ಊದಿ, ಬೆಂಗಳೂರಿನ ಪ್ರದರ್ಶನಶಾಲೆಯಲ್ಲಿ ತೂಗಿಸಿ, ಕೆಳಗೆ ನನ್ನ ಹೆಸರನ್ನು ಬರೆದರೆ, ಹರಿದ ಸರದಿಂದ ಒಂದನ್ನು ಎತ್ತಿ ನನ್ನ ಕೈಗಿಟ್ಟ ಆ ಅಜ್ಜಿಗೆ ನಾನು ಏನು ಹೇಳಲಿ?

ಮಾಸ್ತರು: ಈ ಪ್ರಶ್ನೆಯನ್ನು ಕೇಳಿಕೊಳ್ಳದವರು ಬಹಳ ಮಂದಿ. ಚಿಹೂಲಿಯು ಆ ಬುಟ್ಟಿಗಳನ್ನೂ ಕಂಬಳಿಗಳನ್ನೂ ಬಾಳಿನುದ್ದಕ್ಕೂ ಸಂಗ್ರಹಿಸಿ, 2012ರಲ್ಲಿ ಸಿಯಾಟಲ್ಲಿನಲ್ಲಿ ತೆರೆದ ತನ್ನ ಗಾಜಿನ ಮನೆಯಲ್ಲಿ ತನ್ನ ಕೃತಿಗಳ ಜೊತೆಗೇ ಅವನ್ನೂ ಇರಿಸಿದ್ದಾನೆ, ಋಣವನ್ನು ಅಡಗಿಸಿಲ್ಲ. ಆದರೆ ನಿನ್ನ ಪ್ರಶ್ನೆಗೆ ಹೆಚ್ಚು ತೃಪ್ತಿಕರವಾದ ಉತ್ತರವನ್ನು ಕೊಟ್ಟವನು ಬೇರೊಬ್ಬ. ಪ್ರೆಸ್ಟನ್ ಸಿಂಗಲ್ಟರಿ ಎಂದು ಅವನ ಹೆಸರು. 1963ರಲ್ಲಿ ಹುಟ್ಟಿದವನು, ಆ ತೀರದ ಟ್ಲಿಂಗಿಟ್ ಎಂಬ ಮೂಲನಿವಾಸಿ ಜನದವನು. ಪಿಲ್‌ಚಕ್ ಶಾಲೆಯ ಪರಿಸರದಲ್ಲಿಯೇ ಗಾಜನ್ನು ಕಲಿತು, ತನ್ನ ಹಿರಿಯರು ದೇವದಾರು ಮರದಲ್ಲಿ ಕೆತ್ತುತ್ತಿದ್ದ ಕಾಗೆ, ತಿಮಿಂಗಿಲ ಮೊದಲಾದ ಕುಲಚಿಹ್ನೆಗಳನ್ನು ಗಾಜಿನ ಮೈಯಲ್ಲಿ ಮರಳಿನ ರಭಸದಿಂದ ಕೊರೆದು ತೆಗೆದನು. ತನ್ನ ಜನರ ಬುಟ್ಟಿಗಳನ್ನೂ ಗಾಜಿನಲ್ಲಿ ಮಾಡಿದನು. ಅವನ ಗಾಜಿನಲ್ಲಿ ಬುಟ್ಟಿಯು ಕುಸಿಯುವುದಿಲ್ಲ, ನೆಟ್ಟಗೆ ನಿಲ್ಲುತ್ತದೆ. ಹೆಣಿಗೆಯ ವಿನ್ಯಾಸಕ್ಕೆ ಅಲ್ಲಿ ಅರ್ಥವಿದೆ, ಕತೆಯಿದೆ. ಒಂದೇ ತೀರ, ಒಂದೇ ವಸ್ತು, ಒಂದೇ ಶಾಲೆ; ನೋಡುವವನು ಯಾರ ಮಗನೆಂಬುದರಿಂದ ಕೃತಿಯೇ ಬೇರೆಯಾಯಿತು. ನನಗೆ ಇಬ್ಬರೂ ಬೇಕು. ಆದರೆ ಒಬ್ಬನನ್ನು ಮಾತ್ರ ಆರಿಸಿಕೊಳ್ಳೆಂದರೆ ನಾನು ಸಿಂಗಲ್ಟರಿಯ ಮುಂದೆ ಹೆಚ್ಚು ಹೊತ್ತು ನಿಲ್ಲುವೆನು.

ಶಿಷ್ಯೆ: ಹಾಗಾದರೆ ಮಣಿಯು ಹಾಲಕ್ಕಿ ಮನೆಯ ಹುಡುಗಿಯೊಬ್ಬಳಿಗೆ ಸಲ್ಲಬೇಕು. ನನಗೆ ಬಲೆ, ಬೆಂಡು, ಅಳಿವೆಯ ನೀರು. ನನ್ನ ಗೆಳತಿಗೆ ನನಗಿಂತ ಸಪೂರ ಬೆರಳುಗಳಿವೆ. ಅಜ್ಜಿಯ ಸರಗಳನ್ನು ಪೋಣಿಸಿಕೊಡುವವಳು ಈಗ ಅವಳೇ, ಯಾವ ಬಣ್ಣದ ಪಕ್ಕದಲ್ಲಿ ಯಾವುದು ಬರಬೇಕೆಂದು ನೋಡದೆಯೇ ಹೇಳುತ್ತಾಳೆ. ನಾನು ಕಲಿತದ್ದನ್ನು ಅವಳಿಗೆ ಕಲಿಸಬಹುದಷ್ಟೆ. ಆದರೆ ಕುಲುಮೆಯನ್ನು ಎಲ್ಲಿಂದ ತರಲಿ? ಬೆಂಗಳೂರಿನಲ್ಲಿ ಅಂಜಲಿ ಶ್ರೀನಿವಾಸನ್ ಅವರ ಚೋಚೋಮಾ ಎಂಬ ಕಾರ್ಯಾಗಾರವಿದೆ. ಮುಟ್ಟಿದರೆ ಬೆಳಗುವ ಗಾಜನ್ನು ಮಾಡಿದವರು, 2016ರಲ್ಲಿ ಸ್ವರೋವ್ಸ್ಕಿ ಸಂಸ್ಥೆಯ ಪ್ರಶಸ್ತಿಯನ್ನು ಪಡೆದವರು ಅವರು. ಅಂಥದು ಅಂಕೋಲೆಯಲ್ಲಿ ಆಗುವ ಮಾತೇ? ಹಗಲುರಾತ್ರಿ ಆರದೆ ಉರಿಯುವ ಮೂಸೆಗೆ ಎಷ್ಟು ಅನಿಲ ಬೇಕು! ಮರಳಾದರೂ ನಮ್ಮದೇ ಆಗಬಹುದೆಂದು ಮಾಜಾಳಿಯ ತಿಳಮಾತಿಗೆ ಹೋಗಿ ಒಂದು ಬೊಗಸೆ ತಂದೆ. ಅದು ಎಳ್ಳಿನಂತೆ ಕಪ್ಪು.

ಮಾಸ್ತರು: ತಿಳಮಾತಿಯ ಮರಳು ಕಪ್ಪುಶಿಲೆಯ ಕಣಗಳದು, ಕಬ್ಬಿಣ ತುಂಬಿದ್ದು. ತಿಳಿಗಾಜಿಗೆ ಶುದ್ಧವಾದ ಸಿಲಿಕಾ ಬೇಕು. ಅದಕ್ಕೆ ಸೋಡ ಸೇರಿಸಿದರೆ ಕರಗುವ ಶಾಖ ಇಳಿಯುತ್ತದೆ, ಸುಣ್ಣ ಸೇರಿಸಿದರೆ ನೀರಿಗೆ ಕರಗದೆ ಬಾಳುತ್ತದೆ. ಕಬ್ಬಿಣ ಕೊಂಚ ಬೆರೆತರೂ ಹಸುರು ಛಾಯೆ ಬರುವುದು. ಆ ಮರಳನ್ನು ಹಾಗೆಯೇ ಇಟ್ಟುಕೊ. ಗಾಜಿನ ಮೈಮೇಲೆ ಚಿಮುಕಿಸಿ ಕಾಯಿಸಿದರೆ ಯಾವ ಬಣ್ಣ ಬರುತ್ತದೆಂಬುದನ್ನು ಎಂದಾದರೂ ನೋಡಬಹುದು. ಆದರೆ ಮಣಿಗೆ ಕುಲುಮೆ ಬೇಕಿಲ್ಲ. ಮೇಜಿನ ಮೇಲಿಡುವ ಅನಿಲದ ಜ್ವಾಲೆ ಸಾಕು. ಸಿದ್ಧವಾದ ಗಾಜಿನ ಸರಳನ್ನು ಆ ಜ್ವಾಲೆಯಲ್ಲಿ ಕರಗಿಸಿ, ಜೇಡಿ ಬಳಿದ ಉಕ್ಕಿನ ತಂತಿಗೆ ಸುತ್ತುತ್ತಾರೆ. ಅದು ಸುತ್ತಿದ ಮಣಿಯಾಗುವುದು, ನಿನ್ನ ಕೈಯಲ್ಲಿರುವ ಎಳೆದ ಮಣಿಯಾಗದು. ಎಳೆಯುವುದನ್ನು ಕಲಿಯಬೇಕಾದರೆ ನೀವಿಬ್ಬರೂ ಪಾಪನಾಯುಡುಪೇಟೆಯ ಮುದುಕರ ಬಳಿಗೆ ಹೋಗಬೇಕು, ಬೇಗ ಹೋಗಬೇಕು. ಅಲ್ಲಿಯವರೆಗೆ ಜ್ವಾಲೆಯ ಮುಂದೆ ಕುಳಿತು ಕೈ ಹದಗೊಳಿಸಿಕೊಳ್ಳಿ.

ಶಿಷ್ಯೆ: ಜ್ವಾಲೆಯಲ್ಲಿ ಗಾಜು ಕರಗುವಾಗ ಹಳದಿ ಬೆಳಕು ಎದ್ದು ಕಣ್ಣು ಕೋರೈಸುತ್ತದೆಂದು ಓದಿದ್ದೇನೆ.

ಮಾಸ್ತರು: ಸೋಡದಿಂದ ಬರುವ ಬೆಳಕು ಅದು. ಅದನ್ನು ತಡೆಯುವ ಡಿಡಿಮಿಯಮ್ ಕನ್ನಡಕ ಸಿಗುತ್ತದೆ. ಸಿಲಿಂಡರಿಗಿಂತ ಮುಂಚೆ ಅದನ್ನು ಕೊಳ್ಳಿರಿ. ಒಂದಲ್ಲ, ಎರಡು. ಅಜ್ಜಿಯೂ ಬಂದು ಕುಳಿತು ನೋಡುವರಾದರೆ ಮೂರು.